ಸಹಿ ಯಾರದು? ನರ್ಸ್ ಪ್ರಾಕ್ಟೀಷನರ್ ಹುದ್ದೆಯ ಅರವತ್ತು ವರ್ಷ

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಒಂದು ಸಣ್ಣ ತರಬೇತಿ ಆರಂಭಿಸಿದರು. ಮಕ್ಕಳ ತಪಾಸಣೆ, ಸಾಮಾನ್ಯ ಕಾಯಿಲೆಗಳ ಪತ್ತೆ, ತಾಯಂದಿರಿಗೆ ಸಲಹೆ, ಯಾವ ಮಗುವನ್ನು ವೈದ್ಯರ ಬಳಿ ಕಳಿಸಬೇಕೆಂಬ ತೀರ್ಮಾನ, ಇಷ್ಟನ್ನೂ ನರ್ಸ್ ತಾನೇ ಮಾಡುವಂತೆ ಕಲಿಸುವ ತರಬೇತಿ ಅದು. ಫೋರ್ಡ್ ಅದಕ್ಕೆ ಮುಂಚೆ ಕೊಲರಾಡೊದ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿದ್ದವರು. ವೈದ್ಯರು ಎಲ್ಲೋ ದೂರದ ಊರಿನಲ್ಲಿ, ಕೆಮ್ಮುವ ಮಗು ಕಣ್ಣೆದುರಿಗೆ. ಅಂಥ ಕಡೆ ನರ್ಸುಗಳು ಇದರಲ್ಲಿ ಬಹಳಷ್ಟನ್ನು ಆಗಲೇ ಮಾಡುತ್ತಿದ್ದರು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಹೊಸ ತರಬೇತಿ ಆ ಕೆಲಸಕ್ಕೊಂದು ಹೆಸರು ಕೊಟ್ಟಿತು: ನರ್ಸ್ ಪ್ರಾಕ್ಟೀಷನರ್.

ವೈದ್ಯರು ಮುನಿಸಿಕೊಂಡರೆಂದರೆ ಆಶ್ಚರ್ಯವಿಲ್ಲ. ಆದರೆ ವಿರೋಧ ನರ್ಸಿಂಗ್ ವಿಭಾಗಗಳ ಒಳಗಿನಿಂದಲೂ ಬಂತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ತಾ ರೋಜರ್ಸ್‌ರಂಥ ಹೆಸರಾಂತ ಪ್ರಾಧ್ಯಾಪಕಿಯ ಪ್ರಕಾರ ಇದು ನರ್ಸಿಂಗನ್ನು ವೈದ್ಯಕೀಯದ ಬಾಲಂಗೋಚಿ ಮಾಡುವ ಕೆಲಸ. ನನಗೆ ಈ ಆಕ್ಷೇಪ ಪೂರ್ತಿ ಒಪ್ಪಿಗೆಯಿಲ್ಲ, ತಳ್ಳಿಹಾಕುವ ಧೈರ್ಯವೂ ಇಲ್ಲ. ಇವತ್ತಿಗೂ ಎಷ್ಟೋ ಆಸ್ಪತ್ರೆಗಳಲ್ಲಿ ಈ ಹುದ್ದೆಯವರನ್ನು ‘ಕಡಿಮೆ ಸಂಬಳದ ಡಾಕ್ಟರ್’ ಎಂದೇ ಲೆಕ್ಕ ಹಿಡಿಯುತ್ತಾರೆ.

ಕೋರ್ಸ್ ಬಂತು, ಕಾನೂನು ಇನ್ನೂ ಬಂದಿರಲಿಲ್ಲ. ಅಮೆರಿಕದಲ್ಲಿ ನರ್ಸಿಂಗ್ ಪರವಾನಗಿ ಆಯಾ ರಾಜ್ಯದ ಕೈಯಲ್ಲಿದೆ. ರೋಗ ಪತ್ತೆ ಮತ್ತು ಚಿಕಿತ್ಸೆಯೂ ಇಂಥ ನರ್ಸುಗಳ ಕೆಲಸದ ವ್ಯಾಪ್ತಿಗೆ ಸೇರುತ್ತದೆಂದು ಮೊದಲು ಒಪ್ಪಿದ ರಾಜ್ಯ ಐಡಹೊ, 1971ರಲ್ಲಿ. ಉಳಿದ ರಾಜ್ಯಗಳು ಒಂದೊಂದಾಗಿ, ಒಂದೊಂದು ಬಗೆಯಲ್ಲಿ ಬಂದವು. ನಡುವೆ ಮಿಸೌರಿಯಲ್ಲೊಂದು ಮೊಕದ್ದಮೆ. ಅಲ್ಲಿ ಇಬ್ಬರು ನರ್ಸುಗಳು ವೈದ್ಯರು ಬರೆದುಕೊಟ್ಟಿದ್ದ ಸ್ಥಾಯಿ ಆದೇಶಗಳ ಪ್ರಕಾರ ಹೆಂಗಸರ ತಪಾಸಣೆ ಮಾಡಿ, ಕುಟುಂಬ ಯೋಜನೆಯ ಸಾಧನಗಳನ್ನು ಕೊಡುತ್ತಿದ್ದರು. ರಾಜ್ಯದ ವೈದ್ಯಕೀಯ ಮಂಡಳಿ ಇದನ್ನು ಪರವಾನಗಿಯಿಲ್ಲದ ವೈದ್ಯವೃತ್ತಿ ಎಂದಿತು, ಆದೇಶ ಬರೆದ ಐವರು ವೈದ್ಯರಿಗೂ ಕುಮ್ಮಕ್ಕಿನ ಆರೋಪ ತಗುಲುವಂತಾಯಿತು. ಎಲ್ಲರೂ ಸೇರಿ ತಾವೇ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಸೋತರು, 1983ರಲ್ಲಿ ಮಿಸೌರಿಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅವರನ್ನು ಉಳಿಸಿದ್ದು ಮುಖ್ಯವಾಗಿ ಎರಡು ಕಾಗದ. ಒಂದು, 1975ರಲ್ಲಿ ಶಾಸನಸಭೆ ಹಿಗ್ಗಿಸಿದ್ದ ನರ್ಸಿಂಗ್ ಕಾಯ್ದೆ. ಇನ್ನೊಂದು, ಲಿಖಿತ ರೂಪದಲ್ಲಿದ್ದ ಆ ಸ್ಥಾಯಿ ಆದೇಶ. ಬಾಯಿಮಾತಿನ ‘ನೀವೇ ನೋಡಿಕೊಳ್ಳಿ ಸಿಸ್ಟರ್’ ಮೇಲೆ ಈ ಮೊಕದ್ದಮೆ ನಿಲ್ಲುತ್ತಿತ್ತೆಂದು ನನಗನಿಸುವುದಿಲ್ಲ.

ಹಾಗಾದರೆ ಈ ನರ್ಸುಗಳ ಕೆಲಸದ ಗುಣಮಟ್ಟ? ಅದನ್ನೂ ಅಳೆದಿದ್ದರು. ಕೆನಡಾದ ಬರ್ಲಿಂಗ್ಟನ್ ಊರಿನ ಒಂದು ಕ್ಲಿನಿಕ್ಕಿನಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವನ್ನು ವೈದ್ಯರಿಗೆ, ಕೆಲವನ್ನು ನರ್ಸ್ ಪ್ರಾಕ್ಟೀಷನರಿಗೆ ಒಪ್ಪಿಸಿ ಒಂದು ವರ್ಷ ನೋಡಿದರು. 1974ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನ ಜನರ ಆರೋಗ್ಯ ಒಂದೇ ತೆರನಾಗಿತ್ತು. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ನನ್ನ ಕಣ್ಣು ಹೋಗುವುದು ಅದೇ ವರದಿಯ ಇನ್ನೊಂದು ಮಾತಿನ ಕಡೆಗೆ: ಸಮಾಜಕ್ಕೆ ಉಳಿತಾಯವಾಯಿತು, ಕ್ಲಿನಿಕ್ಕಿಗೆ ಮಾತ್ರ ಲಾಭವಾಗಲಿಲ್ಲ. ನರ್ಸ್ ಮಾಡಿದ ಕೆಲಸಕ್ಕೆ ಬಿಲ್ ಹಾಕಲು ಆಗಿನ ನಿಯಮಗಳು ಅಡ್ಡವಾಗಿದ್ದವು.

ಈ ಬಿಲ್ಲಿನ ಕಥೆಯಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅದು ನನ್ನ ಅನ್ನದ ಕಥೆಯೂ ಹೌದು. ಪುಣೆಯಲ್ಲಿ ಕೂತು ಅಮೆರಿಕದ ಕ್ಲಿನಿಕ್ಕುಗಳ ಬಿಲ್ಲಿಂಗ್ ತಂತ್ರಾಂಶ ಬರೆಸುವ ತಂಡದಲ್ಲಿ ಹಲವು ವರ್ಷ ಕಳೆದಿದ್ದೇನೆ. ಅಮೆರಿಕದ ಮೆಡಿಕೇರ್, ಅಂದರೆ ಮುಖ್ಯವಾಗಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆ, ಹುಟ್ಟಿದ್ದೂ 1965ರಲ್ಲೇ. ಆದರೆ ಎಲ್ಲ ಕಡೆಯ ನರ್ಸ್ ಪ್ರಾಕ್ಟೀಷನರುಗಳಿಗೂ ತಮ್ಮದೇ ಹೆಸರಿನಲ್ಲಿ ಮೆಡಿಕೇರ್ ಹಣ ಪಡೆಯುವ ಅವಕಾಶ ಕೊಟ್ಟಿದ್ದು 1997ರ ಕಾಯ್ದೆ. ಕೋರ್ಸ್ ಆರಂಭವಾಗಿ 32 ವರ್ಷ! ಅದೂ ವೈದ್ಯರ ದರದ ಶೇ. 85.

ಅದರಲ್ಲೊಂದು ಒಳದಾರಿಯಿದೆ. ವೈದ್ಯರು ಮೊದಲು ರೋಗಿಯನ್ನು ನೋಡಿ ಚಿಕಿತ್ಸೆ ಗೊತ್ತುಮಾಡಿದ್ದು, ನರ್ಸ್ ಅದನ್ನು ಮುಂದುವರಿಸುವಾಗ ವೈದ್ಯರು ಕ್ಲಿನಿಕ್ಕಿನಲ್ಲೇ ಇದ್ದರೆ, ಬಿಲ್ಲನ್ನು ವೈದ್ಯರ ಸಂಖ್ಯೆಯಲ್ಲಿ ಕಳಿಸಬಹುದು, ಆಗ ಪೂರ್ತಿ ಶೇ. 100 ಬರುತ್ತದೆ. ಕ್ಲಿನಿಕ್ಕಿಗೆ ವೈದ್ಯರ ದರದ ಉಳಿದ ಶೇ. 15 ಕೂಡ ಸಿಕ್ಕರೆ ಯಾರು ಬಿಡುತ್ತಾರೆ? ಆದರೆ ಆ ಸಾಲಿನಲ್ಲಿ ನರ್ಸ್ ಹೆಸರಿರುವುದಿಲ್ಲ. ಕೋಷ್ಟಕ ತೆರೆದು ನೋಡಿದರೆ ಒಬ್ಬ ವೈದ್ಯರು ದಿನಕ್ಕೆ ಮನುಷ್ಯಮಾತ್ರರಿಂದ ಆಗದಷ್ಟು ರೋಗಿಗಳನ್ನು ನೋಡಿದಂತೆ ಕಾಣಬಹುದು, ಪಕ್ಕದ ಕೋಣೆಯ ನರ್ಸ್ ಏನೂ ಮಾಡಿಲ್ಲದಂತೆ. ಅವಳು ಮುಂದಿನ ವರ್ಷ ಸಂಬಳ ಹೆಚ್ಚಿಸಿ ಎಂದು ಕೇಳಲು ಹೋದಾಗ ಆಡಳಿತದವರು ತೆರೆಯುವುದು ಇದೇ ಕೋಷ್ಟಕವನ್ನು. ಮೆಡಿಕೇರ್ ಕುರಿತು ಅಮೆರಿಕದ ಸಂಸತ್ತಿಗೆ ಸಲಹೆ ಕೊಡುವ ಆಯೋಗ ಈ ಒಳದಾರಿ ಮುಚ್ಚಿ ಎಂದು 2019ರಲ್ಲೇ ಶಿಫಾರಸು ಮಾಡಿದೆ. ಅಲ್ಲಿ ದುಡಿಯುತ್ತಿರುವ ನಮ್ಮ ಕಡೆಯ ನರ್ಸ್ ಪ್ರಾಕ್ಟೀಷನರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನೋಡಿದ ರೋಗಿಗಳ ಎಣಿಕೆಯನ್ನು (ಹೆಸರು, ವಿವರ ಬಿಟ್ಟು) ನೀವೇ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಮ್ಯಾನೇಜರನ ಬುದ್ಧಿ ಎಂದು ನಕ್ಕರೂ ಚಿಂತೆಯಿಲ್ಲ.

ಇನ್ನು ನಮ್ಮ ದೇಶ. ನನ್ನ ಅಕ್ಕನ ಮಗಳು ಧಾರವಾಡದವಳು, ಇಲ್ಲೇ ಪುಣೆಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಸ್ಟಾಫ್ ನರ್ಸ್. ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಎಂಎಸ್‌ಸಿ ಮಾಡಬೇಕೆಂಬ ಆಸೆ. ಕೇಳಿದಳು: “ಮಾಮಾ, ಎರಡು ವರ್ಷ ಓದಿ ಬಂದಮ್ಯಾಲೆ ನನ್ನ ಕೆಲಸ ಬದಲಾಗ್ತದೋ, ಬರೇ ಬ್ಯಾಡ್ಜ್ ಬದಲಾಗ್ತದೋ?” ಅವಳ ಪ್ರಶ್ನೆಯಿಂದಲೇ ನಾನು ಈ ಚರಿತ್ರೆಯನ್ನೆಲ್ಲ ಓದಲು ಕೂತದ್ದು.

1946ರ ಭೋರ್ ಸಮಿತಿಯ ವರದಿ ಬಂದಾಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ 30,000ದಷ್ಟು ಮಂದಿ ಪದವೀಧರರಲ್ಲ, ಕಿರು ಅವಧಿಯ ಕೋರ್ಸ್ ಮುಗಿಸಿದ ಲೈಸೆನ್ಶಿಯೇಟರು. ಇನ್ನು ಮುಂದೆ ಒಂದೇ ಬಗೆಯ ವೈದ್ಯರು ಸಾಕೆಂದು ಸಮಿತಿಯ ಬಹುಮತ ಹೇಳಿತು. ಕೆಲವು ಸದಸ್ಯರು, ಹಳ್ಳಿಗೆ ಯಾರು ಹೋಗುತ್ತಾರೆಂದು ಕೇಳಿ ಭಿನ್ನಮತ ದಾಖಲಿಸಿದರು. ಕಿರು ಕೋರ್ಸ್ ನಿಂತುಹೋಯಿತು. ಅಲ್ಲಿಂದ ಇಲ್ಲಿಯವರೆಗೆ, ವೈದ್ಯರಲ್ಲದವರ ಕೈಗೆ ಪೆನ್ನು ಕೊಡುವ ಮಾತೆತ್ತಿದಾಗಲೆಲ್ಲ ಅದೇ ವಾದ ಮರಳಿ ಬಂದಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿಯ ಮಾತಾಡಿದಾಗ ವೈದ್ಯರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು.

ಇದರ ನಡುವೆ ಭಾರತೀಯ ನರ್ಸಿಂಗ್ ಪರಿಷತ್ತು ಈ ಎಂಎಸ್‌ಸಿ ರೂಪಿಸಿತು. ಬಿಎಸ್‌ಸಿ ನರ್ಸಿಂಗ್ ಮುಗಿಸಿ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು, ಓದಿನ ಬಹುಪಾಲು ಐಸಿಯುವಿನಲ್ಲೇ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ನರ್ಸ್ ಪ್ರಾಕ್ಟೀಷನರುಗಳ ಪ್ರತ್ಯೇಕ ವೃಂದ ಬೇಕೆಂದಿತು. 2018ರ ಕೊನೆಯಲ್ಲಿ ಹೆರಿಗೆ ಆರೈಕೆಗೆಂದೇ 18 ತಿಂಗಳ ತರಬೇತಿಯ ಮಾರ್ಗಸೂಚಿ ಬಂತು. ಪಠ್ಯಕ್ರಮ ಕಳಪೆಯೇನಲ್ಲ, ವೆಂಟಿಲೇಟರಿನಿಂದ ಹಿಡಿದು ಔಷಧ ವಿಜ್ಞಾನದವರೆಗೆ ಎಲ್ಲ ಇದೆ. ಆದರೆ 1945ರ ಔಷಧ ನಿಯಮಗಳು ಚೀಟಿಗೆ ಕೇಳುವುದು ನೋಂದಾಯಿತ ವೈದ್ಯರ ಸಹಿಯನ್ನು. ಹೀಗಾಗಿ ಈ ನರ್ಸ್ ಏನು ಮಾಡಬಹುದು ಎಂಬುದು ಬಹುಮಟ್ಟಿಗೆ ಆಯಾ ಆಸ್ಪತ್ರೆಯ ಲಿಖಿತ ಸ್ಥಾಯಿ ಆದೇಶಕ್ಕೆ ಬಿಟ್ಟದ್ದು. ಮಿಸೌರಿಯ ಆ ನರ್ಸುಗಳಂತೆಯೇ, ಒಂದೇ ವ್ಯತ್ಯಾಸವೆಂದರೆ 1975ರ ಆ ಕಾಯ್ದೆಯಂಥದ್ದು ಬೆನ್ನಿಗಿಲ್ಲ.

ಇದರ ಪಕ್ಕದಲ್ಲೇ ತಿರುಗಾಮುರುಗಾ ಆದ ಇನ್ನೊಂದು ದಾರಿಯಿದೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಬಿಎಸ್‌ಸಿ ನರ್ಸಿಂಗ್ ಜೊತೆ ಆರು ತಿಂಗಳ ಸರ್ಟಿಫಿಕೇಟ್ ಇದ್ದರೆ ಸಾಕು. ಹೆಸರು ಸಣ್ಣದು, ಹುದ್ದೆ ಮಾತ್ರ ನಿಜವಾದದ್ದು: ಕೂರಲು ಕುರ್ಚಿ, ಬಿಪಿ ಶುಗರ್ ನೋಡಲು ಊರಿನ ಜನ, ಕೊಡಲು ಔಷಧಿ. ಕರ್ನಾಟಕದ ಹಳ್ಳಿಗಳಲ್ಲೂ ಇದ್ದಾರೆ. ಕಾಡುವುದು ಗುತ್ತಿಗೆಯ ನೌಕರಿ ಎಂಬ ಚಿಂತೆ. ಕೊಲರಾಡೊದ ಫೋರ್ಡ್ ಮಾಡುತ್ತಿದ್ದ ಕೆಲಸಕ್ಕೆ ಇವತ್ತು ಭಾರತದಲ್ಲಿ ಹತ್ತಿರವಿರುವುದು ದೊಡ್ಡ ಹೆಸರಿನ ಎಂಎಸ್‌ಸಿ ಅಲ್ಲ, ಇದು ಎಂದು ನನ್ನ ಅನಿಸಿಕೆ.

ವಿದೇಶದ ಆಸೆಯಿದ್ದವರಿಗೆ ಒಂದು ಮಾತು. ಇಲ್ಲಿಯ ನರ್ಸ್ ಪ್ರಾಕ್ಟೀಷನರ್ ಪದವಿ ಹಿಡಿದು ಅಮೆರಿಕದಲ್ಲಿ ನೇರವಾಗಿ ಅದೇ ಹುದ್ದೆಗೆ ಕೂರಲಾಗದು. ಎನ್‌ಕ್ಲೆಕ್ಸ್ ಪಾಸು ಮಾಡಿ ಮೊದಲು ಸಾಮಾನ್ಯ ನರ್ಸ್ ಆಗಬೇಕು, ಆಮೇಲೆ ಅಲ್ಲಿಯ ಮಾನ್ಯತೆ ಪಡೆದ ಸ್ನಾತಕೋತ್ತರ ಓದು, ಪ್ರಮಾಣೀಕರಣ ಪರೀಕ್ಷೆ. ಆಮೇಲೂ ರಾಜ್ಯ ನೋಡಿ ಆರಿಸಿಕೊಳ್ಳಬೇಕು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಸ್ವತಂತ್ರ ಅಧಿಕಾರವಿದೆ. ಅರಿಜೋನದಲ್ಲಿ ವೈದ್ಯರ ಹೆಸರಿಲ್ಲದೆ ಚೀಟಿ ಬರೆಯುವವಳು ಟೆಕ್ಸಾಸಿಗೆ ಹೋದರೆ ವೈದ್ಯರೊಡನೆ ಲಿಖಿತ ಒಪ್ಪಂದವಿಲ್ಲದೆ ಬರೆಯುವಂತಿಲ್ಲ.

ಅಕ್ಕನ ಮಗಳಿಗೆ ಹೋಗು, ಬೇಡ ಎಂದು ಹೇಳುವ ಬದಲು ಮೂರು ಪ್ರಶ್ನೆ ಬರೆದುಕೊಟ್ಟೆ. ಕೋರ್ಸ್ ಮುಗಿಸಿದ ಹಿಂದಿನ ತಂಡದವರು ಈಗ ಯಾವ ಹುದ್ದೆಯ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದಾರೆ? ಆಸ್ಪತ್ರೆಯ ಸ್ಥಾಯಿ ಆದೇಶದ ಪ್ರತಿ ನೋಡಲು ಸಿಗುತ್ತದೆಯೇ? ರಾತ್ರಿ ಪಾಳಿಯಲ್ಲಿ ನರ್ಸ್ ಪ್ರಾಕ್ಟೀಷನರ್ ತೆಗೆದುಕೊಂಡ ತೀರ್ಮಾನದ ಕೆಳಗೆ ಸಹಿ ಯಾರದು? ಅವಳು ಎರಡು ಕಾಲೇಜುಗಳಿಗೆ ಮಿಂಚಂಚೆ ಕಳಿಸಿದಳು. ಒಂದರಿಂದ ಶುಲ್ಕದ ಪಟ್ಟಿ ಬಂದಿದೆ. ಇನ್ನೊಂದರ ಪ್ರಾಧ್ಯಾಪಕಿ ಫೋನು ಮಾಡಿ, ಬಂದು ಒಂದು ದಿನ ನಮ್ಮ ಐಸಿಯುವಿನಲ್ಲಿ ನಿಂತು ನೋಡಮ್ಮ ಎಂದಿದ್ದಾರೆ. ಮುಂದಿನ ವಾರದ ರಜೆಗೆ ಅರ್ಜಿ ಹಾಕಿದ್ದಾಳೆ.