ಸತ್ತವರ ನಡುವಿನ ಗೋಡೆ

ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿಗೆ 'ಪ್ಯಾಂಟಿನ ಚರ್ಚು' ಅಂತಲೇ ಹೆಸರು. 1872ರಲ್ಲಿ ಅದನ್ನು ಕಟ್ಟಿದ್ದೇ ಹಾಗೆ. ಪ್ಯಾಂಟಿನ ಎರಡು ಕಾಲಿನಂತೆ ಎರಡು ಉದ್ದನೆಯ ಪಡಸಾಲೆ, ನಡುವೆ ಗೋಡೆ, ಎರಡೂ ಕೂಡುವಲ್ಲಿ ಒಂದೇ ಬಲಿಪೀಠ. ಒಂದು ಕಾಲಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು. ಏಸು ಒಬ್ಬನೇ, ಆದರೆ ಇವರ ಮೈ ಅವರಿಗೆ ತಾಗಕೂಡದು! ದೇವರ ಮನೆಗೂ ಜಾತಿಯ ಅಳತೆ ಹಿಡಿದ ಮೇಸ್ತ್ರಿಗಳು ಇವರು.

1910ರಲ್ಲಿ ಪಾದ್ರಿಗಳು ಆ ಗೋಡೆ ಕೆಡವಿಸಿದರು. ವೆಳ್ಳಾಳರು ಸುಮ್ಮನಿದ್ದಾರೆಯೆ? ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟು ಅವರ ಜಾತಿಯ ಹಕ್ಕನ್ನು ಒಪ್ಪಲಿಲ್ಲ.

ಬದುಕಿದ್ದವರ ಗೋಡೆಯೇನೋ ಬಿತ್ತು. ಸತ್ತವರದು? ಅದೇ ತಮಿಳುನಾಡಿನ ತಿರುಚಿನಾಪಳ್ಳಿಯ ಮೇಲಪುದೂರಿನಲ್ಲಿ ಕ್ಯಾಥೊಲಿಕ್ ಸ್ಮಶಾನದ ನಡುವೆ ಗೋಡೆ ಎಬ್ಬಿಸಿ ದಲಿತರ ಗೋರಿಗಳನ್ನು ಬೇರೆ ಇಟ್ಟಿದ್ದರು. ಮಣ್ಣಾದ ಮೂಳೆಗೂ ಮೈಲಿಗೆ! 2010ರಲ್ಲಿ ಪೆರಿಯಾರ್‌ವಾದಿ ಕಾರ್ಯಕರ್ತರು ಅದರ ಒಂದು ಭಾಗ ಒಡೆದರು.

ಹಳೆಯ ಚರ್ಚು, ಹಳೆಯ ಗೋರಿ ಜೋಪಾನವಾಗಲಿ ಅನ್ನುವವರ ಜತೆ ನಮಗೆ ತಕರಾರಿಲ್ಲ. ಸುಣ್ಣ ಹೊಡೆಯಿರಿ, ಸೋರುವ ಮಾಡು ಸರಿಮಾಡಿ, ಮುಳ್ಳುಗಿಡ ಕೀಳಿ, ಅಳಿಸಿದ ಹೆಸರುಗಳನ್ನು ಮತ್ತೆ ಕೆತ್ತಿಸಿ, ಎರಡೂ ಕಡೆಯವರದು. ನಡುವಿನ ಗೋಡೆಗೆ ಮಾತ್ರ ಒಂದು ಬುಟ್ಟಿ ಗಾರೆಯೂ ಬೇಡ.