ಮಧುಮೇಹಿಯ ವ್ರಣ, ಅರಿಸಿನ ಮತ್ತು ಲಿಖಿತ ಪ್ರಮಾಣ

ಮಧುಮೇಹಿಗಳ ವ್ರಣಗಳು ಕಷ್ಟಸಾಧ್ಯವೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಪ್ರಮೇಹಕ್ಕೆ ನೆಲ್ಲಿ, ಅರಿಸಿನಗಳೇ ಶ್ರೇಷ್ಠವೆಂಬುದು ವಾಗ್ಭಟನ ಮತ. ಅರಿಸಿನದ ಸಾರವಾದ ಕರ್ಕ್ಯುಮಿನ್ನಿಂದ ಮಧುಮೇಹಪೀಡಿತ ಇಲಿಗಳ ಗಾಯಗಳು ಬೇಗ ಮಾಯುವುದನ್ನು 1999ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅದಕ್ಕೂ ಮುನ್ನ, 1995ರಲ್ಲಿ, ಅರಿಸಿನದಿಂದ ಗಾಯ ಮಾಯಿಸುವ ಕ್ರಮಕ್ಕೆ ಅಮೆರಿಕೆಯಲ್ಲಿ ಪೇಟೆಂಟ್ ದೊರೆತುದು ವಿಚಿತ್ರವೇ ಸರಿ. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು 32 ಲಿಖಿತ ಆಧಾರಗಳನ್ನು ಮುಂದಿಡಲು 1997ರಲ್ಲಿ ಅದು ರದ್ದಾಯಿತು. ಅಂದಿನ ಅಲ್ಲಿಯ ಕಾನೂನಿನಂತೆ ಪರದೇಶದ ರೂಢಿಯೊಂದೇ ಸಾಲದು, ಪ್ರಕಟಿತ ಗ್ರಂಥಪ್ರಮಾಣ ಬೇಕು. ಮಧುಮದ್ಯಮಾಂಸಗಳನ್ನು ವರ್ಜಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು 1940ರಲ್ಲೇ ಸೊಲ್ಲಾಪುರದಲ್ಲಿ ಅಚ್ಚಾಗಿ ಆ ಅರ್ಹತೆ ಪಡೆದಿದೆ. ಸಾರ್ವಜನಿಕರಿಗೆ ಲಭ್ಯವಾಗದೆ ಓಲೆಗರಿಗಳಲ್ಲೇ ಉಳಿದ ವೈದ್ಯಗ್ರಂಥಗಳಿಗೆ ಅಂದು ಅದಿರಲಿಲ್ಲ.