ಕಾನ್ಹೇರಿಯ ಹಲ್ಲುಕಡ್ಡಿ

ಎರಡು ಹೊತ್ತೂ ತಪ್ಪದೆ ಹಲ್ಲುಜ್ಜುತ್ತಿದ್ದ ನಾನು ಕಳೆದ ವರ್ಷ ದವಡೆ ಹಲ್ಲೊಂದನ್ನು ಕಳೆದುಕೊಂಡೆ. ಹುಳುಕು ಹಿಡಿದದ್ದು ಮೇಲಿನಿಂದಲ್ಲ, ಪಕ್ಕದ ಹಲ್ಲಿಗೆ ತಾಗಿಕೊಂಡಿದ್ದ ಬದಿಯಿಂದ. ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ.

ಅದಾದ ಮೇಲೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಹೋದಾಗ ಕಣ್ಣು ಚೈತ್ಯದ ಕಂಬಗಳಿಗಿಂತ ನೀರಿನ ತೊಟ್ಟಿಗಳ ಮೇಲೇ ನಿಂತಿತು. ಕರಿಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಶತಮಾನಗಟ್ಟಲೆ ವಾಸವಿದ್ದ ಭಿಕ್ಷುಗಳು ಬೆಳಗ್ಗೆ ಬಾಯಿ ಮುಕ್ಕಳಿಸಿದ್ದು ಈ ನೀರಿನಲ್ಲೇ ಇರಬೇಕು.

ಭಿಕ್ಷುಗಳಿಗೆ ಹಲ್ಲುಜ್ಜುವುದಕ್ಕೂ ನಿಯಮವಿತ್ತು. ಪಾಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಆ ಕಥೆಯಿದೆ. ಹಲ್ಲುಕಡ್ಡಿ ಜಗಿಯದ ಭಿಕ್ಷುಗಳ ಬಾಯಿ ನಾರತೊಡಗಿತು. ಜಗಿಯಿರಿ ಎಂದ ಬುದ್ಧ. ಕೆಲವರು ಉದ್ದನೆಯ ಕಡ್ಡಿ ತಂದು ಅದರಿಂದಲೇ ಕಿರಿಯ ಶ್ರಾಮಣೇರರಿಗೆ ಬಾರಿಸಿದರು. ಎಂಟು ಬೆರಳಿಗಿಂತ ಉದ್ದ ಬೇಡ ಎಂದಾಯಿತು. ಇನ್ನೊಬ್ಬನ ಕಡ್ಡಿ ತೀರಾ ಗಿಡ್ಡವಾಗಿ ಗಂಟಲಲ್ಲಿ ಸಿಕ್ಕಿತು. ನಾಲ್ಕು ಬೆರಳಿಗಿಂತ ಕಡಿಮೆಯೂ ಬೇಡ ಎಂದಾಯಿತು. ಎಲ್ಲ ಮಠಗಳಲ್ಲೂ ನಡೆಯುವಂಥದ್ದೇ, ಬಿಡಿ.

ಏಳನೆಯ ಶತಮಾನದಲ್ಲಿ ನಳಂದದಲ್ಲಿದ್ದ ಚೀನಾದ ಇತ್ಸಿಂಗ್ ಬೇರೆ ಅಳತೆ ಹೇಳುತ್ತಾನೆ: ಹನ್ನೆರಡು ಬೆರಳು, ಕನಿಷ್ಠ ಎಂಟು. ತುದಿ ಜಗಿದು ನಾರು ಮಾಡಿ ಹಲ್ಲುಜ್ಜಬೇಕು, ಕಡ್ಡಿ ಸೀಳಿ ನಾಲಿಗೆ ಕೆರೆಯಬೇಕು. ಊಟವಾದ ಮೇಲೂ ಬಾಯಿ ಶುಚಿ ಮಾಡಲೇಬೇಕು. ಈ ದೇಶದಲ್ಲಿ ಹಲ್ಲುನೋವು ಅಪರೂಪ, ಅದಕ್ಕೆ ಕಾರಣ ಈ ಕಡ್ಡಿಯೇ ಎಂಬುದು ಅವನ ನಂಬಿಕೆ.

ಕಾನ್ಹೇರಿಗೂ ಕನ್ನಡ ನಾಡಿಗೂ ನಂಟಿದೆ. ಒಂಬತ್ತನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರಿದೆ. ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ದುರಸ್ತಿಗೆ, ಚೀವರಕ್ಕೆ, ಪುಸ್ತಕಕ್ಕೆಂದು ದತ್ತಿ ಬಿಟ್ಟದ್ದನ್ನು ಕೆತ್ತಿಸಿದ್ದಾರೆ. ಹಲ್ಲುಕಡ್ಡಿಗೆ ದತ್ತಿ ಏಕೆ? ಸುತ್ತ ಕಾಡಿತ್ತು.

ಆದರೆ ಕಡ್ಡಿಯ ನಾರು ಒತ್ತಾಗಿ ಕೂತ ಎರಡು ದವಡೆ ಹಲ್ಲುಗಳ ನಡುವೆ ಎಷ್ಟು ಹೋದೀತು? ಆ ಸಂದಿಗೆ ಬೇಕಾದದ್ದು ದಾರ. ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರ ತನ್ನ ಪುಸ್ತಕದಲ್ಲಿ ಮೇಣ ಹಚ್ಚಿದ ರೇಷ್ಮೆ ದಾರ ಎಳೆಯಲು ಹೇಳಿದ. 1882ರಲ್ಲಿ ಅಲ್ಲಿ ರೇಷ್ಮೆ ಫ್ಲಾಸ್ ಮಾರಾಟಕ್ಕೆ ಬಂತು, ಎರಡನೇ ಮಹಾಯುದ್ಧದ ಹೊತ್ತಿಗೆ ನೈಲಾನ್. ಬ್ರಷ್ ಜೊತೆಗೆ ಫ್ಲಾಸ್ ಬಳಸಿದರೆ ಒಸಡಿನ ಊತ ಕಡಿಮೆಯಾಗಬಹುದು ಎಂದು 2019ರ ಕೊಕ್ರೇನ್ ಪರಾಮರ್ಶೆ ಹೇಳಿತು. ಪುರಾವೆ ಮಾತ್ರ ಅಷ್ಟೇನೂ ಗಟ್ಟಿಯಿಲ್ಲವೆಂದೂ ಸೇರಿಸಿತು. ನನಗೆ ಅಷ್ಟು ಸಾಕಾಯಿತು.

ಗುಹೆಯಿಂದಿಳಿದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಊಟ ಮಾಡಿದೆ. ಗಲ್ಲಾದ ಮೇಲೆ ಸೋಂಪಿನ ತಟ್ಟೆ, ಪಕ್ಕದಲ್ಲಿ ಕಡ್ಡಿಗಳ ಡಬ್ಬಿ. ನನ್ನ ಮುಂದಿದ್ದ ಹಿರಿಯರೊಬ್ಬರು ಒಂದು ಕಡ್ಡಿ ತೆಗೆದು, ಕೈ ಅಡ್ಡ ಹಿಡಿದುಕೊಂಡು ಹೊರಗೆ ನಡೆದರು. ಕಡ್ಡಿ ಸುಮಾರು ನಾಲ್ಕು ಬೆರಳುದ್ದ ಇತ್ತು.